ಒಂಟೆಗಳಿಗೆ ನೀರಿಟ್ಟ ಸಂಜೆ

“ಈ ಹೆಣ್ಣಿಗೆ ಇಲ್ಲಿನ ಅಕ್ಷರ ತಲೆಗೆ ಹತ್ಲಿಕ್ಕಿಲ್ಲ ಮಾರಾಯ, ಸುಮ್ನೆ ಊರಿಗೆ ಕಳಿಸು” ಎಂದು ಅಪ್ಪನಿಗೆ ಹೇಳಿದವರು ರಾಮಣ್ಣ ಮಾವ. ಆ ದಿನಗಳಲ್ಲಿ ನಾವು ಟೋಕಿಯೋ ಪಕ್ಕದ ಉರಯಾಸುವಿನಲ್ಲಿ, ಕಬ್ಬಿಣದ ಮೆಟ್ಟಿಲಿನ ಒಂದು ಹಳೇ ಕಟ್ಟಡದಲ್ಲಿದ್ದೆವು. ಅಪ್ಪ, ರಾಮಣ್ಣ ಮಾವ ಇಬ್ಬರೂ ಮಿನಾಟೋದ ಒಂದು ಇಂಡಿಯನ್ ಹೋಟೆಲಿನಲ್ಲಿ ಅಡುಗೆಯವರು. ಅಪ್ಪ ಓದಿದ್ದು ಏಳನೇ ಕ್ಲಾಸು, ಅಮ್ಮ ಐದನೆಯದು. ಕುಂದಾಪುರದ ಕಡೆಯ ಶಾಲೆ ಬಿಡಿಸಿ ನನ್ನನ್ನು ಇಲ್ಲಿನ ಮೂರನೇ ಕ್ಲಾಸಿಗೆ ಸೇರಿಸಿದ್ದರು. ಮಾತು ಬೇಗ ಬಂತು, ಓದು ಬರಲಿಲ್ಲ. ಕಾಂಜಿ ಎನ್ನುವ ಆ ಚಿತ್ರದಂಥ ಅಕ್ಷರಗಳು ಪುಟಕ್ಕೆ ಇಪ್ಪತ್ತಿದ್ದರೆ ನನಗೆ ಗೊತ್ತಿದ್ದದ್ದು ಎರಡೋ ಮೂರೋ.

ಅಪ್ಪ ಎದುರು ಮಾತಾಡಲಿಲ್ಲ. “ಮಾರ್ಚ್‌ವರೆಗೆ ನೋಡುವ. ಆಗ್ಲಿಲ್ಲ ಅಂದ್ರೆ ಅಜ್ಜಿ ಹತ್ರ ಬಿಟ್ಟು ಬರುದು” ಎಂದರು. ಒಳಗೆ ಹೋಮ್‌ವರ್ಕ್ ಮಾಡುತ್ತಿದ್ದ ನನಗೆ ಕೇಳಿಸುವುದಿಲ್ಲ ಅಂದುಕೊಂಡಿದ್ದರು. ನಡುವೆ ಇದ್ದದ್ದು ಕಾಗದದ ಬಾಗಿಲು.

ಪಕ್ಕದ ಮನೆಯವರು ಸ್ಪೇನಿನ ಪಿಲಾರ್ ಆಂಟಿ. ಗಂಡ ಜಪಾನಿನವರು. ಮಗಳು ಲೂಸಿಯಾ ನನ್ನದೇ ಕ್ಲಾಸು. ಅಮ್ಮ ಮತ್ತು ಆಂಟಿ ಇಬ್ಬರಿಗೂ ಜಪಾನಿ ಅಷ್ಟಕ್ಕಷ್ಟೇ, ಆದರೆ ಗಂಟೆಗಟ್ಟಲೆ ಮಾತಾಡುತ್ತಿದ್ದರು. ಅರ್ಧ ಕೈಸನ್ನೆ, ಉಳಿದದ್ದು ನಗು.

ಆ ಚಳಿಗಾಲದ ರಜೆಯಲ್ಲಿ ಆಂಟಿ ನಮ್ಮಿಬ್ಬರನ್ನು ಕೂರಿಸಿಕೊಂಡು ತಮ್ಮ ಊರಿನ ಹಬ್ಬದ ಕತೆ ಹೇಳಿದರು. ಅಲ್ಲಿ ಮಕ್ಕಳಿಗೆ ಉಡುಗೊರೆ ತರುವುದು ಒಂಟೆ ಮೇಲೆ ಬರುವ ಮೂವರು ರಾಜರಂತೆ. ಜನವರಿ ಐದರ ಸಂಜೆ ಬೀದಿಯಲ್ಲಿ ಮೆರವಣಿಗೆ. ರಾಜರು ಮೇಲಿಂದ ಮಿಠಾಯಿ ಎರಚುತ್ತಾರೆ, ಮಕ್ಕಳು ಕೊಡೆ ತಲೆಕೆಳಗೆ ಹಿಡಿದು ನಿಲ್ಲುತ್ತಾರೆ. ಕೊಂಬಿನಿ ಎನ್ನುವ ಬೀದಿಬದಿಯ ಅಂಗಡಿಯಿಂದ ತಂದ ಪಾರದರ್ಶಕ ಕೊಡೆಯನ್ನು ಮನೆಯೊಳಗೇ ಬಿಚ್ಚಿ ತೋರಿಸಿದರು. ಲೂಸಿಯಾ ಕುರ್ಚಿ ಹತ್ತಿ ಮಿಠಾಯಿ ಎರಚಿದಳು. ಒಂದು ನನ್ನ ಹಣೆಗೆ ಬಿತ್ತು.

“ಹಟ ಮಾಡಿದವರಿಗೆ ಬರೀ ಇದ್ದಲು. ಏನು ಬೇಕು ಅಂತ ನೀವೇ ಪತ್ರ ಬರೀಬೇಕು. ದೊಡ್ಡವರ ಸಹಾಯ ಇಲ್ಲ” ಎಂದರು ಆಂಟಿ.

ಕಾಂಜಿ ಇಲ್ಲದ ಸುಲಭದ ಜಪಾನಿ ಅಕ್ಷರಗಳಲ್ಲಿ ನಾನು ಬರೆದೆ. ಲೂಸಿಯಾ ಇಣುಕಲು ಬಂದಾಗ ಮೊಣಕೈ ಅಡ್ಡ ಇಟ್ಟೆ.

ಐದರ ಸಂಜೆ ಅವರ ಮನೆ ತುಂಬ ಬೆಣ್ಣೆ ಮತ್ತು ಯುಜು ಎನ್ನುವ ಇಲ್ಲಿನ ನಿಂಬೆಯ ಸಿಪ್ಪೆಯ ವಾಸನೆ. ಆ ಹಬ್ಬಕ್ಕೆ ಬಳೆಯಂಥ ದೊಡ್ಡ ಸಿಹಿ ಬ್ರೆಡ್ ಆಗಬೇಕು. ಇಲ್ಲಿನ ಪುಟ್ಟ ಓವನ್ನಿನಲ್ಲಿ ಹಿಡಿಯದೆ ಆಂಟಿ ಎರಡು ಸಣ್ಣ ಬಳೆ ಮಾಡಿದ್ದರು. ಒಂಟೆಗಳಿಗೆಂದು ಬಟ್ಟಲಲ್ಲಿ ನೀರು, ಪಕ್ಕದಲ್ಲಿ ಕ್ಯಾರೆಟ್ ಇಟ್ಟೆವು. ಆಮೇಲೆ ಶೂ. ಉಡುಗೊರೆ ಇಡುವುದು ಶೂ ಮೇಲೆ, ಅದು ಕಿಟಕಿಯ ಬಳಿ ಇರಬೇಕು.

ಅಮ್ಮ ಬಾಗಿಲಲ್ಲೇ ನಿಂತರು. “ಮೆಟ್ಟು ಮನೆ ಒಳಗಾ? ತಿಂಡಿ ಪಕ್ಕದಲ್ಲಾ? ಎಂತ ಅವತಾರ ಇದು!”

ಆಂಟಿಯ ಗಂಡನೂ ಅಮ್ಮನ ಪಕ್ಷ. ಜಪಾನಿನವರಿಗೂ ಶೂ ಹೊರಗೇ ಇರಬೇಕಲ್ಲ. ಕೊನೆಗೆ ಅಮ್ಮ ನನ್ನ ಶೂಗಳನ್ನು ಅಡಿಯವರೆಗೂ ಸೋಪು ಹಾಕಿ ತಿಕ್ಕಿ, ಹೇರ್ ಡ್ರೈಯರ್ ಹಿಡಿದು ಒಣಗಿಸಿ, ಪೇಪರ್ ಹಾಸಿ ಇಟ್ಟರು.

ಬೆಳಿಗ್ಗೆ ಅಮ್ಮನೂ ನಾನೂ ಹೋಗಿ ನೋಡಿದರೆ ಲೂಸಿಯಾಳ ಶೂ ಮೇಲೆ ಬಣ್ಣದ ಪೆನ್ಸಿಲ್ಲುಗಳ ಡಬ್ಬಿ. ನನ್ನದರ ಮೇಲೆ ದಪ್ಪನೆಯ ಪುಸ್ತಕ, ಮಕ್ಕಳ ಕಾಂಜಿ ನಿಘಂಟು. ನಾನು ಕೈ ಚಾಚುವ ಮೊದಲೇ ಅಮ್ಮ ಅದನ್ನು ಬಾಚಿಕೊಂಡು ಕಣ್ಣಿಗೆ ಒತ್ತಿಕೊಂಡರು. “ಸರಸ್ವತಿಯನ್ನು ಮೆಟ್ಟಿನ ಮೇಲೆ ಇಡುದಾ! ಇದು ನಮಗೆ ಬೇಡ. ವಾಪಸ್ ಕೊಡು.”

ಆಂಟಿಗೆ ಮಾತು ಅರ್ಥವಾಗಲಿಲ್ಲ, ಮುಖ ಅರ್ಥವಾಯಿತು. “ಸುಮಿಮಾಸೆನ್, ಸುಮಿಮಾಸೆನ್” ಎಂದು ಕ್ಷಮೆ ಕೇಳುತ್ತ ಒಂದು ಕ್ಷಣ ಲೂಸಿಯಾಳನ್ನು ನೋಡಿದರು. ಆಮೇಲೆ ಏಪ್ರನ್ ಜೇಬಿನಿಂದ ನನ್ನ ಪತ್ರ ತೆಗೆದು ಅಮ್ಮನ ಕೈಗೆ ಕೊಟ್ಟರು.

ಅಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. “ಎಂತ ಬರ್ದಿದ್ದಿ? ಓದು.”

ನಾನು ಕನ್ನಡದಲ್ಲಿ ಹೇಳಿದೆ. “ರಾಜರೇ, ನನಗೆ ಮಾರ್ಚ್ ಒಳಗೆ ಓದ್ಲಿಕ್ಕೆ ಬರಬೇಕು. ಇಲ್ಲದಿದ್ದರೆ ನನ್ನನ್ನು ಅಜ್ಜಿ ಮನೆಗೆ ಕಳಿಸ್ತಾರೆ. ಅಲ್ಲಿ ಅಮ್ಮ ಇರುವುದಿಲ್ಲ. ನಿಮ್ಮ ಒಂಟೆಗಳಿಗೆ ನೀರು ಇಟ್ಟಿರ್ತೇನೆ.”

ಅಮ್ಮ ಪತ್ರ ಮಡಚಿ ನಿಘಂಟಿನ ಒಳಗಿಟ್ಟು, ನಿಘಂಟನ್ನು ಎದೆಗೆ ಅವುಚಿಕೊಂಡು, ಆಂಟಿಗೆ ಬಗ್ಗಿ ನಮಸ್ಕಾರ ಮಾಡಿ ಮನೆಗೆ ನಡೆದರು.

ರಾಜರಿಗೆ ಹೋಗಬೇಕಿದ್ದ ಪತ್ರ ಆಂಟಿಯ ಜೇಬಿಗೆ ಹೇಗೆ ಬಂತೆಂದು ನನಗೆ ಹೊಳೆಯಲೇ ಇಲ್ಲ. ಉಡುಗೊರೆ ಇಟ್ಟದ್ದು ರಾಜರಲ್ಲ, ತನ್ನ ಅಮ್ಮ ಎಂದು ಲೂಸಿಯಾಗೆ ಹೊಳೆಯಿತು. ಪೆನ್ಸಿಲ್ ಡಬ್ಬಿಯ ಮುಚ್ಚಳ ಹಾಕಿ ಪಕ್ಕಕ್ಕೆ ಸರಿಸಿದಳು.

ಅಂದಿನಿಂದ ದಿನಾ ಶಾಲೆ ಮುಗಿಸಿ ಬಂದ ಮೇಲೆ ಎರಡು ಗಂಟೆ ನಿಘಂಟು. ಅದರ ಒಂದಕ್ಷರವೂ ತಿಳಿಯದ ಅಮ್ಮ ಪಕ್ಕದಲ್ಲಿ ಕೂತು ಸಾಲಿನ ಕೆಳಗೆ ಬೆರಳಿಟ್ಟಿರುತ್ತಿದ್ದರು. ನಾನು ತಡವರಿಸಿದರೆ ಬೆರಳು ಮುಂದೆ ಹೋಗುತ್ತಿರಲಿಲ್ಲ. ಮಾರ್ಚ್‌ನಲ್ಲಿ ಟೀಚರ್ ಅಪ್ಪನನ್ನು ಕರೆಸಿ, ನಾಲ್ಕನೇ ಕ್ಲಾಸಿನ ಪಾಠ ಇವಳು ಎಲ್ಲರ ಜೊತೆ ಓದಬಲ್ಲಳು ಎಂದರು. ಊರಿನ ಮಾತು ಮತ್ತೆ ಏಳಲಿಲ್ಲ.

ಈಗ ಆ ಕಟ್ಟಡ ಇಲ್ಲ, ಆ ಜಾಗದಲ್ಲಿ ಕಾರ್ ಪಾರ್ಕಿಂಗ್ ಇದೆ. ಆಂಟಿ ಮನೆಯವರು ಸ್ಪೇನಿಗೆ ಹೋದರು. ಕೆಲವು ವರ್ಷ ಕಾರ್ಡು ಬಂತು, ಮತ್ತೆ ನಿಂತಿತು. ನಿಘಂಟು ಸಿಕ್ಕಿದ ಮರುವರ್ಷದ ಜನವರಿಯಲ್ಲೂ ಆಂಟಿ ಬ್ರೆಡ್ ಮಾಡಿದ್ದರು, ಆದರೆ ಒಂಟೆಗಳಿಗೆ ನೀರಿಡಲು ಲೂಸಿಯಾ ಬರಲಿಲ್ಲ. ನನ್ನ ಓದಿಗಾಗಿ ಅವಳು ತನ್ನ ರಾಜರನ್ನು ಕಳೆದುಕೊಂಡಳು. ಇದನ್ನು ಅವಳ ಎದುರು ಒಮ್ಮೆಯೂ ಹೇಳಲಾಗಲಿಲ್ಲ.

ಈ ವರ್ಷ ಟೋಕಿಯೋದ ಯೂನಿವರ್ಸಿಟಿಯಿಂದ ನನಗೆ ಡಿಗ್ರಿ ಬಂತು. ನಮ್ಮ ಎರಡೂ ಕಡೆಯ ಮನೆತನದಲ್ಲಿ ಇದು ಮೊದಲನೆಯದು. ಕಷ್ಟಪಟ್ಟು ಪಡೆದದ್ದು, ಹೇಳಿಕೊಳ್ಳಲು ಸಂಕೋಚವಿಲ್ಲ. ಸಮಾರಂಭ ಮುಗಿದ ಮೇಲೆ ಹೊರಗೆ ಕಾಯುತ್ತಿದ್ದ ಅಮ್ಮನ ಕೈಗೆ ಸರ್ಟಿಫಿಕೇಟ್ ಕೊಟ್ಟೆ. ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು.

“ಆ ವರ್ಷ ಮಾರ್ಚಿಗೆ ಊರಿಗೆ ನಿನ್ನ ಟಿಕೆಟ್ ಮಾಡಿಸಿ ಆಗಿತ್ತು, ಗೊತ್ತುಂಟಾ?” ಎಂದರು. “ನೀನು ಪತ್ರ ಓದಿದ ದಿನ ನಾನೇ ಅಪ್ಪನ ಹತ್ರ ಜಗಳ ಮಾಡಿ ಕ್ಯಾನ್ಸಲ್ ಮಾಡಿಸಿದ್ದು. ಸರಿ ಮಾಡಿದ್ನಾ, ನಿನ್ನ ಹಾಳು ಮಾಡಿದ್ನಾ ಅಂತ ಇಷ್ಟು ವರ್ಷ ಹೆದರಿಕೆ ಇತ್ತು ಮಗಾ. ಇನ್ನು ಹೆದರಿಕೆ ಇಲ್ಲ.”