ದೇವರಿಗಿಂತ ಮೊದಲು ವಿಮಾ ಕಂಪನಿಗೆ

ಲಗ್ನ ಗೊತ್ತಾದ ಮೇಲೆ ಶುರುವಾದ ತಂಗಿಯ ಹೊಟ್ಟೆನೋವಿಗೆ ನಮ್ಮ ಮನೆಯಲ್ಲಿ ಎರಡು ಕಾರಣಗಳು ಚಾಲ್ತಿಯಲ್ಲಿದ್ದವು. ಅವ್ವನ ಪ್ರಕಾರ ಅದು ಗದಗ ಬಸ್‌ಸ್ಟ್ಯಾಂಡಿನ ಎದುರಿನ ಮಿರ್ಚಿಯ ಫಲ. ಅಜ್ಜಿಯ ಪ್ರಕಾರ ಯಾರದೋ ಕಣ್ಣು. ಸ್ಕ್ಯಾನಿಂಗ್ ಮಾಡಿಸಿದ ಡಾಕ್ಟರು ಎರಡನ್ನೂ ತಳ್ಳಿಹಾಕಿ, ಪಿತ್ತಕೋಶದಲ್ಲಿ ಹರಳುಗಳಿವೆ, ಆಪರೇಷನ್ ಆಗಬೇಕು ಎಂದರು. ಪತ್ರಿಕೆಯಲ್ಲಿ ಕೆಲಸ ಮಾಡುವ ನಾನು ಮೂರನೆಯ ಮೂಲವನ್ನು ನಂಬಿದೆ. ಅವರ ಕೈಯಲ್ಲಿ ಫೋಟೊ ಇತ್ತು.

"ಲಗ್ನ ಮುಗೀಲಿ, ಆಮ್ಯಾಲೆ ನೋಡೋಣು," ಎಂದಳು ಅಜ್ಜಿ. "ಹೊಟ್ಟಿ ಮ್ಯಾಲೆ ಗಾಯಾ ಮಾಡ್ಕೊಂಡು ಯಾರರ ಹಸಿಮಣಿ ಏರ್ತಾರೇನು?"

ಅಜ್ಜಿಯ ತೀರ್ಪಿಗೆ ನಮ್ಮಲ್ಲಿ ಮೇಲ್ಮನವಿ ಇಲ್ಲ. ಈ ಸಲ ಮಾತ್ರ ಅಪ್ಪನ ವಿಮೆ ಅಡ್ಡ ಬಂತು.

ಅಪ್ಪ ಮುಂಡರಗಿ ಕಡೆಯ ಗಾಳಿಯಂತ್ರದ ಕಂಪನಿಯೊಂದರಲ್ಲಿ ಸ್ಟೋರ್‌ಕೀಪರ್. ಕಂಪನಿ ಮಾಡಿಸಿದ ಆರೋಗ್ಯ ವಿಮೆಯಲ್ಲಿ ಹೆಂಡತಿ, ಮಕ್ಕಳು ಸೇರಿದ್ದರು. ನನಗೆ ನೌಕರಿ ಸಿಕ್ಕಾಗ ನನ್ನ ಹೆಸರು ಬಿಟ್ಟುಹೋಯಿತು. ಬಿ.ಇಡಿ. ಮುಗಿಸಿ ಮನೆಯಲ್ಲಿದ್ದ ತಂಗಿಯದು ಉಳಿದಿತ್ತು. ಅಪ್ಪನ ಕಚೇರಿಗೆ ಫೋನ್ ಮಾಡಿ ಕೇಳಿದೆ. ಉತ್ತರದಲ್ಲಿ ಗೊಂದಲವಿರಲಿಲ್ಲ: ಲಗ್ನವಾದ ದಿನದಿಂದ ಮಗಳು ಅಪ್ಪನ ಪಾಲಿಸಿಯಿಂದ ಹೊರಗೆ. ಗಂಡ ಹೊಸ ಪಾಲಿಸಿ ಮಾಡಿಸಬಹುದು. ಆದರೆ ಮೊದಲೇ ಗೊತ್ತಿದ್ದ ಹರಳಿಗೆ ಅದು ಕೆಲವು ವರ್ಷ ಕೈ ಎತ್ತುತ್ತದೆ. ಅಂದರೆ ಹುಡುಗಿ ಒಂದೇ ದಿನದಲ್ಲಿ ಮನೆತನ ಬದಲಿಸಬಹುದು, ಅವಳ ಹರಳಿಗೆ ಆ ಸೌಲಭ್ಯವಿಲ್ಲ. ಲಕ್ಷ್ಮೇಶ್ವರದಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದ ವರನ ಟಂಟಂ ಗಾಡಿಗೆ ವಿಮೆ ಇತ್ತು. ವರನಿಗೆ ಇರಲಿಲ್ಲ.

ಬೀಗರಿಗೆ ತಿಳಿಸದೆ ಮುಗಿಸೋಣ ಎಂದು ಅವ್ವ ಪಿಸುಗುಟ್ಟುತ್ತಿದ್ದಾಗಲೇ ತಂಗಿ ವರನಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿದಳು.

"ನನ್ನ ಹೊಟ್ಟ್ಯಾಗ ಹರಳ ಅದಾವ್ರಿ. ಲಗ್ನಕ್ಕಿಂತ ಮೊದಲ ತಗಸ್ತಾರ. ನಿಮ್ಮ ಮನ್ಯಾಗ ಹೇಳ್ರಿ."

ಆ ಕಡೆಯಿಂದ ವರನ ಧ್ವನಿ ಬಂತು. "ಮೋಟರ್‌ನ್ಯಾಗ ಹರಳ ಸಿಕ್ಕಿದ್ರ ಬಾವಿಗೆ ಇಳಸೂಕಿಂತ ಮೊದಲ ತಗೀತೀವ್ರಿ ನಾವೂ."

"ಏ, ನಾ ಏನ್ ನಿಮಗ ಮೋಟರ್ ಹಂಗ ಕಾಣ್ತೀನೇನ್ರಿ?"

ಅವ್ವ ತಲೆಯ ಮೇಲೆ ಕೈಹೊತ್ತು ಕುಳಿತಳು. ಸಂಬಂಧ ಮಾತ್ರ ಮುರಿಯಲಿಲ್ಲ.

ಬೆಟಗೇರಿಯ ಆಸ್ಪತ್ರೆಗೆ ಸೇರಿಸಿದ ದಿನ ವರನೂ ಎಳನೀರು ಹಿಡಿದುಕೊಂಡು ಬಂದ. ನಾನು, ಅಪ್ಪ ಔಷಧಿ ತರಲು ಹೋಗಿದ್ದಾಗ ವಿಮೆ ಕೌಂಟರಿನ ಹೆಣ್ಣುಮಗಳು ಆಪರೇಷನ್ನಿಗೆ ಮನೆಯವರ ಒಪ್ಪಿಗೆಯ ಸಹಿ ಕೇಳಿದ್ದಾಳೆ. ಅಜ್ಜಿ ವರನನ್ನು ಮುಂದೆ ದೂಡಿದ್ದಾಳೆ.

"ಉಡಿ ತುಂಬಿದ್ದು ಆತು, ವೀಳ್ಯಾ ಆತು. ಇನ್ನ ಹುಡುಗಿ ನಿಮ್ಮ ಮನೀದು. ಅವರಪ್ಪಂದೇನೈತಿ? ಸಹಿ ನೀವ ಮಾಡ್ರಿ."

"ರೋಗಿಗೆ ಇವ್ರು ಏನಾಗಬೇಕ್ರಿ?"

"ಗಂಡ ಅಂತ ಬರಕೋ ತಂಗಿ," ಎಂದಿದ್ದಾಳೆ ಅಜ್ಜಿ ಕೌಂಟರಿನವಳಿಗೆ.

ನಮ್ಮ ಕಡೆ ಇದನ್ನು ಯಾರೂ ಸುಳ್ಳು ಅನ್ನುವುದಿಲ್ಲ. ವೀಳ್ಯ ಬದಲಾದ ಮೇಲೆ ಹುಡುಗಿಗೆ ಸಂಬಂಧಿಸಿದ ಮಾತನ್ನೆಲ್ಲ ಆ ಮನೆಗೆ ಕೇಳುವುದೇ ಮರ್ಯಾದೆ. ವರ ಹೊಸ ಬೈಕಿನ ಕೀಲಿ ಇಸಿದುಕೊಳ್ಳುವವನ ಮುಖ ಮಾಡಿ ಸಹಿ ಹಾಕಿದನಂತೆ.

ವಿಮಾ ಕಂಪನಿಗೆ ವೀಳ್ಯದ ತಿಳಿವಳಿಕೆ ಇರಲಿಲ್ಲ. ಸಂಜೆಯೊಳಗೆ ತಕರಾರು ಬಂತು: ರೋಗಿಗೆ ಲಗ್ನವಾದಂತಿದೆ, ಅಪ್ಪನ ಪಾಲಿಸಿ ಅನ್ವಯಿಸುವುದಿಲ್ಲ. ಮರುದಿನದ ಆಪರೇಷನ್ ನಿಂತಿತು.

ಅಪ್ಪ ಅಜ್ಜಿಯ ಮೇಲೆ ಹರಿಹಾಯ್ದ. ಉಪವಾಸ ಮಲಗಿದ್ದ ತಂಗಿ ಅಲ್ಲಿಂದಲೇ, "ಅಜ್ಜಿ, ಅಕ್ಕಿಕಾಳ ಒಗೀದನ ನನ್ನ ಲಗ್ನಾ ಮಾಡಿಬಿಟ್ಟೆಲ್ಲ! ಊಟಾನೂ ಹಾಕಸಲಿಲ್ಲ," ಎಂದಳು.

"ಲಗ್ನ ಆಗಿಲ್ಲಂತ ಏನರ ದಾಖಲಿ ಕೊಡ್ರಿ, ನಾ ಕಳಸ್ತೀನಿ," ಎಂದಳು ಕೌಂಟರಿನವಳು.

ಆದದ್ದಕ್ಕೆ ದಾಖಲೆ ಹುಡುಕುವುದು ನನ್ನ ವೃತ್ತಿ. ಆಗದೇ ಇದ್ದದ್ದಕ್ಕೆ ಎಲ್ಲಿಂದ ತರುವುದು? ಆಗ ಲಗ್ನಪತ್ರಿಕೆ ನೆನಪಾಯಿತು. ಅದರಲ್ಲಿ ಮುಂದಿನ ತಿಂಗಳ ತಾರೀಖಿತ್ತು. ತಂಗಿಯ ಹೆಸರಿನ ಹಿಂದೆ 'ಚಿ. ಕು. ಸೌ.' ಎಂದು ಒಂದೇ ಉಸಿರಿಗೆ ಕುಮಾರಿಯನ್ನೂ ಸೌಭಾಗ್ಯವತಿಯನ್ನೂ ಅಚ್ಚು ಹಾಕಿದ್ದರು. ಕಂಪನಿಯವರು ಅಷ್ಟು ಆಳಕ್ಕೆ ಇಳಿಯದಿದ್ದರೆ ಸಾಕಿತ್ತು.

ತೊಡಕು ಬೇರೆಯೇ ಇತ್ತು. ಪತ್ರಿಕೆಗಳ ಕಟ್ಟು ದೇವರ ಜಗುಲಿಯ ಮೇಲಿತ್ತು. ನಾಲ್ಕೂ ಮೂಲೆಗೆ ಅರಿಷಿಣ ಹಚ್ಚಿ ಮೊದಲನೆಯದನ್ನು ಶಿರಹಟ್ಟಿ ಮಠದ ಗದ್ದುಗೆಗೆ ಇಡದೆ ಒಂದೂ ಹೊಸ್ತಿಲು ದಾಟುವಂತಿರಲಿಲ್ಲ. ಆ ನಿಯಮದ ಕಾವಲುಗಾರ್ತಿ ಅಜ್ಜಿಯೇ. ಎಲ್ಲರೂ ಅವಳ ಮುಖ ನೋಡಿದೆವು. ಅವಳು ಮೊಮ್ಮಗಳ ಮುಖ ನೋಡಿದಳು.

"ದೇವರಿಗೆ ಎರಡನೇದು ನಡೀತೈತಿ," ಎಂದಳು ಕೊನೆಗೆ. "ಲಗ್ನ ಆಗಿಲ್ಲಂತ ಅವಂಗ ಗೊತ್ತೈತಿ. ಗೊತ್ತಿಲ್ಲದವ್ರಿಗೆ ಮೊದಲ ಕೊಡೋಣು."

ಮನೆಗೆ ಹೋಗಿ ಕಟ್ಟು ಬಿಚ್ಚಿ ಒಂದನ್ನು ತಂದೆ. ಬರೀ ಪತ್ರಿಕೆ ಕೊಡಲು ಅಜ್ಜಿಗೆ ಮನಸ್ಸಾಗಲಿಲ್ಲ. ಆಸ್ಪತ್ರೆಯಲ್ಲೇ ನಾಲ್ಕೂ ಮೂಲೆಗೆ ಅರಿಷಿಣ ಹಚ್ಚಿ, ಅಕ್ಷತೆ ಸಹಿತ ಕೌಂಟರಿನವಳ ಕೈಗಿಟ್ಟು, "ಮನಿಮಂದೀನ್ನೆಲ್ಲ ಕರಕೊಂಡು ಬರ್ರಿ. ನಿಮ್ಮ ಕಂಪನ್ಯಾವ್ರಿಗೂ ಹೇಳ್ರಿ," ಎಂದಳು. ಸ್ಕ್ಯಾನರಿನ ಗಾಜು ಹಳದಿಯಾಯಿತು. ಅಪ್ಪ ಹೊಸದಾಗಿ ಸಹಿ ಮಾಡಿ, ಜತೆಗೆ ವಿವರಣೆಯನ್ನೂ ಬರೆದುಕೊಟ್ಟ. ನಾನಾದರೆ ಅದಕ್ಕೆ 'ತಿದ್ದುಪಡಿ' ಎಂದು ತಲೆಬರಹ ಕೊಡುತ್ತಿದ್ದೆ.

ಬೆಳಿಗ್ಗೆ ಮಂಜೂರಾತಿ ಬಂತು, ಆಪರೇಷನ್ ಆಯಿತು. ಡಾಕ್ಟರು ಶೀಶೆಯಲ್ಲಿ ಹಾಕಿಕೊಟ್ಟ ಹರಳುಗಳನ್ನು ಅಜ್ಜಿ ಬೆಳಕಿಗೆ ಹಿಡಿದು, "ಇಷ್ಟಕ್ಕ ಇಷ್ಟೆಲ್ಲಾ ಏನು!" ಎಂದಳು.

ಕೌಂಟರಿನ ಹೆಣ್ಣುಮಗಳು ಲಗ್ನಕ್ಕೆ ಬಂದಳು, ಗಂಡ, ಮಗನ ಸಮೇತ. ಅಕ್ಕಿಕಾಳು ಬಿದ್ದು ಮಂದಿ ಊಟದ ಕಡೆ ನುಗ್ಗುತ್ತಿದ್ದಾಗ ಅಜ್ಜಿ ಅವಳನ್ನು ಹುಡುಕಿ, ಕೈಹಿಡಿದು, ವೇದಿಕೆಯ ಎದುರಿಗೇ ತಂದು ನಿಲ್ಲಿಸಿದಳು.

"ಸರೀ ನೋಡ ತಂಗಿ," ಎಂದಳು. "ಈಗ ಬರಕೋ. ಈಗ ಆತು."