ಮಾಳಿಗೆ ಟೀಚರಿಗೆ ಹೊಳೆನೀರು

ಮೊನ್ನೆ ಮೊಮ್ಮಗಳು ಹೊಸ ನೀರಿನ ಬಾಟ್ಲಿ ತಂದಳು. ಲೀಕ್ ಉಂಟಾ ನೋಡುವ ಅಂತ ತುಂಬಿಸಿ ಮಗುಚಿ ಹಿಡಿದೆ. ಒಳಗೊಂದು ಗುಳ್ಳೆ ಸೊಯ್ಯಂತ ಮೇಲೆ ಹೋಯ್ತು. ಬಾಟ್ಲಿಯಲ್ಲಿ ಗುಳ್ಳೆ ಕಂಡರೆ ಬಯ್ಯುವವರು ಒಬ್ಬರಿದ್ದರು...

ಪಾಣೆಮಂಗಳೂರಿನ ನಮ್ಮ ಮಾಳಿಗೆಯಲ್ಲಿ ಬಾಡಿಗೆಗಿದ್ದ ಟೀಚರ್. ಕಾಲೇಜಲ್ಲಿ ಪಾಠ ಮಾಡ್ತಾ ಪಿಎಚ್‌ಡಿಯೂ ಮಾಡ್ತಿದ್ದರು, ಕಡಲಿನ ಮೇಲ್ಪದರದ ನೀರಿನ ಬಗ್ಗೆ. ಮಳೆಗಾಲ ಶುರುವಾದರೆ ಆ ಪದರದಲ್ಲಿ ಉಪ್ಪು ಕಮ್ಮಿ ಆಗ್ತದಂತೆ. ಎಷ್ಟು ಕಮ್ಮಿ ಅಂತ ಅಳೆದರೆ ಗೊತ್ತಾಗ್ತದೆ. ಆದರೆ ಬೆರೆತ ಸಿಹಿನೀರು ನೇರ ಬಿದ್ದ ಮಳೆಯದ್ದಾ, ಹೊಳೆ ತಂದದ್ದಾ? ಅದನ್ನು ಉಪ್ಪು ಹೇಳುವುದಿಲ್ಲ. ನೀರಿನಲ್ಲೇ ಭಾರದ್ದು, ಹಗುರದ್ದು ಅಂತ ಉಂಟಂತೆ, ಐಸೊಟೋಪ್ ಅಂತ ಹೆಸರು. ಅದರ ಪ್ರಮಾಣ ಮಳೆಗೆ ಬೇರೆ, ಹೊಳೆಗೆ ಬೇರೆ. ಬಾಟ್ಲಿಯಲ್ಲಿ ಗಾಳಿ ಉಳಿದರೆ ಹಗುರದ್ದು ಮೊದಲು ಆವಿಯಾಗಿ ಹಾರ್ತದೆ, ಲೆಕ್ಕ ಹಾಳು.

"ನಮ್ಮ ಮನೆ ಗಂಡಸರ ಹಾಗೆ, ಕೆಲಸ ಅಂದ ಕೂಡ್ಲೆ ಮಾಯ" ಅಂದಿದ್ದೆ. ಅವರು ನಕ್ಕು ನಕ್ಕು ಚಹಾ ಚೆಲ್ಲಿಕೊಂಡಿದ್ದರು.

ಆ ವರ್ಷ ಮೊದಲ ನೆರೆ ಬಂದ ದಿನ ಅವರು ಬೆಳಿಗ್ಗೆಯೇ ದೋಣಿಯಲ್ಲಿ ಕಡಲಿಗೆ ಹೋಗಿದ್ದರು. ಮಧ್ಯಾಹ್ನ ಫೋನ್ ಬಂತು. ಅದರಲ್ಲಿ ಮಾತಿಗಿಂತ ಗಾಳಿಯೇ ಹೆಚ್ಚು.

"ಅಮ್ಮಾ, ಹೊಳೆ ಕೆಂಪಾಯ್ತಾ?"

"ಚಹಾದ ಹಾಗೆ ಉಂಟು. ನೀವು ಮೊದಲು ದಡಕ್ಕೆ ಬನ್ನಿ ಮಾರಾಯ್ತಿ!"

"ಹೊಳೆನೀರು ತೆಗೆಯಬೇಕಾದ ನನ್ನ ಸ್ಟೂಡೆಂಟ್ ಗುರುವಾಯನಕೆರೆಯಲ್ಲಿ ಬಾಕಿ. ಮರ ಬಿದ್ದು ಬಸ್ಸಿಲ್ಲ. ಹೋಲಿಸಲಿಕ್ಕೆ ಇವತ್ತಿನ ಹೊಳೆನೀರು ಸಿಗದಿದ್ದರೆ ಈ ಕಡಲನೀರು ತಂದೂ ದಂಡ. ಮುಂದಿನ ಮಳೆಗಾಲದವರೆಗೆ ನನಗೆ ಟೈಮ್ ಕೊಡುವುದಿಲ್ಲ ಅಮ್ಮಾ. ಬಾಟ್ಲಿ ಮೇಜಿನ ಮೇಲೆ..."

ಅಷ್ಟಕ್ಕೇ ಕಟ್. ತಿರುಗಿ ಮಾಡಿದರೆ ಹೋಗುವುದೇ ಇಲ್ಲ.

ಬಾಟ್ಲಿ, ಬಾವಿಯ ಹಗ್ಗ, ಕೊಡಪಾನ ಹಿಡಿದು ಸೇತುವೆಗೆ ಓಡಿದೆ. ಓಡಿದೆ ಅಂದರೆ ಮೊಣಕಾಲು ಒಪ್ಪಿದಷ್ಟು. ಕೆಳಗೆ ದಿಮ್ಮಿ, ತೆಂಗಿನಕಾಯಿ ಎಲ್ಲ ತೇಲಿ ಹೋಗ್ತಿತ್ತು. ನೀರು ಕಂಬಕ್ಕೆ ಬಡಿಯುವಾಗ ಸೇತುವೆಯೇ ನಡುಗಿದ ಹಾಗೆ. ನಾನು ಬಗ್ಗಿದ್ದೇ ತಡ, ಜವಳಿ ಅಂಗಡಿಯ ಬ್ಯಾರಿ ಸಾಹೇಬರು ಕೊಡೆ ಬಿಸಾಡಿ ಓಡಿ ಬಂದು ನನ್ನ ಕೈ ಹಿಡಿದರು.

"ಅಮ್ಮಾ, ಎಂತ ಇದು! ಮಕ್ಕಳು ಮೊಮ್ಮಕ್ಕಳು ಎಲ್ಲ ಉಂಟಲ್ಲ ನಿಮಗೆ!"

"ಹಾರಲಿಕ್ಕೆ ಬಂದದ್ದಲ್ಲ ಸಾಹೇಬ್ರೇ, ನೀರಿಗೆ ಬಂದದ್ದು."

"ಮನೆಯಲ್ಲಿ ಬಾವಿ ಇಲ್ವಾ?"

"ಹಗ್ಗ ಹಿಡೀರಿ, ಮತ್ತೆ ಹೇಳ್ತೇನೆ."

ಕೊಡಪಾನಕ್ಕೆ ಒಂದು ಕೊಂಬೆ ಸಿಕ್ಕಿಕೊಂಡು ಹೊಳೆಯೇ ನಮ್ಮನ್ನು ಎಳೆಯಿತು. ಸಾಹೇಬರು ದೇವರನ್ನು ಕರೆದರು, ನಾನು ಟೀಚರಿಗೆ ಬೈದೆ. ಅಂತೂ ಕೊಡಪಾನ ಮೇಲೆ ಬಂತು. ಅವರು ಮಾಡುವುದನ್ನು ನೋಡಿದ್ದೆನಲ್ಲ, ಹಾಗೆಯೇ ಬಾಟ್ಲಿಯನ್ನು ಅದೇ ನೀರಲ್ಲಿ ತೊಳೆದು, ತುಳುಕುವಷ್ಟು ತುಂಬಿಸಿ ಬಿಗಿಯಾಗಿ ಮುಚ್ಚಿದೆ. ಮಗುಚಿ ನೋಡಿದೆ. ಗುಳ್ಳೆ ಇಲ್ಲ.

ಇನ್ನು ಅವರು ಬರಬೇಕು. ಫೋನ್ ಸತ್ತೇ ಹೋಗಿತ್ತು. ಮೂರುಸಂಜೆಗೆ ದೀಪ ಹಚ್ಚಿದೆ. ಗೇಟಿನ ಸದ್ದಾದರೆ ಏಳುವುದು, ಕೂರುವುದು...

ಬಂದರು. ಪೂರ್ತಿ ನೆನೆದು ಚಂಡಿ, ತುಟಿ ನೀಲಿ. ಕಡಲನೀರಿನ ಪೆಟ್ಟಿಗೆಯನ್ನು ಮಗುವಿನ ಹಾಗೆ ಅಪ್ಪಿಕೊಂಡಿದ್ದರು. ತಲೆ ಒರೆಸಲಿಕ್ಕೆ ಬೈರಾಸು ಕೊಟ್ಟರೆ ಬೇಡ ಅಂದು ನನ್ನ ಬಾಟ್ಲಿಯನ್ನೇ ಮಗುಚಿ ನೋಡಿದರು. ಗುಳ್ಳೆ ಇಲ್ಲ ಅಂತ ಕಂಡದ್ದೇ ಮೆಟ್ಟಿಲಲ್ಲಿ ಕೂತು ಅತ್ತರು.

ಕೆಲವು ತಿಂಗಳು ಕಳೆದು ಲ್ಯಾಬಿನಿಂದಲೇ ಫೋನ್ ಮಾಡಿದರು. "ಅಮ್ಮಾ, ಕಡಲಲ್ಲಿ ಅಷ್ಟು ದೂರ ಸಿಕ್ಕಿದ ಸಿಹಿನೀರು ಹೆಚ್ಚಿನದ್ದೂ ನಮ್ಮ ಹೊಳೆಯದ್ದೇ!" ಊರಿನ ಮಗಳು ಗಂಡನ ಮನೆಯಲ್ಲಿ ಸುಖವಾಗಿದ್ದಾಳೆ ಅಂತ ಕೇಳಿದ ಹಾಗಾಯ್ತು ನನಗೆ.

ಪಿಎಚ್‌ಡಿ ಆಯ್ತು. ಮೂಡುಬಿದಿರೆಯಲ್ಲಿ ಕೆಲಸ ಸಿಕ್ಕಿ ಹೋದರು. ಆಮೇಲೆ ಒಂದು ಜ್ವರ... ಸಾಯುವ ಪ್ರಾಯವಾ ಅದು?

ಈ ಸಲವೂ ಹೊಳೆ ಕೆಂಪಾಗಿದೆ. ಇವತ್ತು ಸೇತುವೆಯಲ್ಲಿ ನಿಂತು ನೋಡಿ ಬಂದೆ. ಈ ನೀರು ಕಡಲಿಗೆ ಹೋಗಿ ಸೇರ್ತದೆ, ಸೇರಲಿ. ಅಲ್ಲಿ ಇದರ ಗುರುತು ಹಿಡಿದು, ಅಮ್ಮಾ, ಇದು ನಮ್ಮದೇ ಅಂತ ನನಗೆ ಹೇಳುವವರಿಲ್ಲ.