ಅಧ್ಯಕ್ಷರ ಉಚಿತ ಸಲಹೆ

ಗೆಳೆಯರೇ, ನಾನು ಶನಿವಾರಗಳಂದು ನಡೆಸುವ ವಲಸೆ ಸಹಾಯದ ಮೇಜನ್ನು ಮುಚ್ಚಬೇಕೆಂದು ನಮ್ಮ ಕನ್ನಡ ಸಂಘದ ಅಧ್ಯಕ್ಷರು ಇಂದು ಅಮೆರಿಕದ ಫ್ರೀಮಾಂಟಿನ ಸಭೆಯಲ್ಲಿ ಸೂಚಿಸಿದರು.

"ನೀನು ಲಾಯರ್ ಅಲ್ಲಮ್ಮ. ಲಾಯರ್ ಅಲ್ಲದೋರು ಸಲಹೆ ಕೊಡೋದು ಡೇಂಜರು."

ನಾನು ವಕೀಲೆಯಲ್ಲ, ನಿಜ. ಆದರೆ ಇದಕ್ಕೆಂದೇ ಇರುವ ತರಬೇತಿಯಲ್ಲಿ ಮೊದಲಿಗಳಾಗಿ, ಸರ್ಕಾರದ ಮಾನ್ಯತೆಯನ್ನೂ ಪಡೆದವಳು. ವಕೀಲರ ಶುಲ್ಕ ಭರಿಸಲಾಗದವರಿಗೆ ಆ ಮೇಜೊಂದೇ ಗತಿ.

ಮತದಾನಕ್ಕೆ ಮೊದಲು ಕಾಫಿಗೆಂದು ಎದ್ದೆವು. ಮನೆಮನೆಗೆ ಅಡುಗೆ ಮಾಡಿಕೊಡುವ ಮಂಡ್ಯದ ಸಾವಿತ್ರಮ್ಮ ಅಧ್ಯಕ್ಷರ ಬಳಿ ಬಂದರು.

"ಗ್ರೀನ್ ಕಾರ್ಡಿಗೆ ಹಾಕಿವ್ನಿ ಸಾರ್, ಇನ್ನೂ ಬಂದಿಲ್ಲ. ತಂಗಿ ಮದ್ವೆಗೆ ಊರ್ಗೆ ಹೋಗ್ಬೌದಾ?"

"ಆರಾಮಾಗಿ ಹೋಗ್ಬನ್ನಿ! ನಮ್ಮ ಷಡ್ಡಕ ಹೋಗಿ ಬರ್ಲಿಲ್ವೇ?"

ಅರ್ಜಿ ಬಾಕಿಯಿರುವಾಗಲೂ ಹೋಗಿಬರಲು ಆ ಷಡ್ಡಕರ ವೀಸಾಕ್ಕೆ ವಿನಾಯಿತಿಯಿದೆ, ಸಾವಿತ್ರಮ್ಮನವರದ್ದಕ್ಕೆ ಇಲ್ಲ. ನಾನು ಲೋಟ ಕೆಳಗಿಟ್ಟು, "ಮುಂಚಿತವಾಗಿ ಅನುಮತಿ ಪಡೆಯದೆ ನೀವು ದೇಶ ಬಿಟ್ಟರೆ ಅರ್ಜಿಯನ್ನೇ ಕೈಬಿಟ್ಟಂತೆ. ಮರಳಿ ಬರಲಿಕ್ಕೂ ಆಗದಿರಬಹುದು" ಎಂದೆ.

"ಅಯ್ಯೋ, ಟಿಕೆಟ್ ತಗೊಳಕ್ಕೆ ವೊಂಟಿದ್ನಲ್ಲವ್ವ!"

ಸುತ್ತಲಿನವರೆಲ್ಲ ಅಧ್ಯಕ್ಷರತ್ತ ತಿರುಗಿದರು. ಅವರು ನಕ್ಕು, "ನಾನೇನು ಲಾಯರ್ರಾ? ಸುಮ್ನೆ ಒಂದು ಮಾತು ಹೇಳ್ದೆ" ಎಂದರು.

ಸಭೆ ಮತ್ತೆ ಸೇರಿದಾಗ ಮೇಜು ಮುಚ್ಚುವುದರ ಪರವಾಗಿ ಎದ್ದದ್ದು ಅವರ ಕೈಯೊಂದೇ. ನನಗೆ ಮಾತ್ರ ಅವರ ವಾದದಲ್ಲಿ ಹುರುಳಿದೆ ಎನ್ನಿಸಿತು. ತರಬೇತಿಯಿಲ್ಲದವರ ಸಲಹೆ ಎಷ್ಟು ಅಪಾಯಕಾರಿ ಎಂಬುದನ್ನು ಪ್ರಾತ್ಯಕ್ಷಿಕೆಯ ಸಮೇತ ತೋರಿಸಿಕೊಡುವುದು ಯಾವ ವಕೀಲರಿಂದಲೂ ಸಾಧ್ಯವಿರಲಿಲ್ಲ.